ಶಿಬಿರ ಮುಗಿದ ಮೇಲಿನ ಒಂದೂವರೆ ವರ್ಷ



ಕೊಳೆ ಮದ್ದು, ಗೊಬ್ಬರ, ಸಾಲದ ಕಂತು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದಿದ್ದೇವೆ. ಈ ಸಲದ ಪಾಠ ಬೇರೆ. ಕುಡಿತ, ಗುಟ್ಕಾ, ಗಾಂಜಾಗಳಿಗೆ ಸಿಕ್ಕಿಬಿದ್ದ ನಮ್ಮೂರ ಎಳೆಯರಿಗೆ ಒಬ್ಬೊಬ್ಬ ಹಿರಿಯ ಜತೆಗಾರನನ್ನು ಗೊತ್ತುಮಾಡುವುದು ಹೇಗೆ, ಅದರ ಖರ್ಚನ್ನು ಸಂಘ ಹೊರುವುದು ಹೇಗೆ ಎಂಬುದು ವಿಷಯ. ಬರುವ ಸರ್ವಸಾಧಾರಣ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಎಲ್ಲರೂ ಓದಿಕೊಂಡು ಬರಬೇಕೆಂದು ಕೋರಿಕೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಒಬ್ಬ ಹುಡುಗ ಬರುತ್ತಿದ್ದ. ಇಪ್ಪತ್ತರ ಪ್ರಾಯ. ಮರದಿಂದ ಮರಕ್ಕೆ ದಾಟುವುದರಲ್ಲಿ ಅವನಿಗೆ ಸಮನಿರಲಿಲ್ಲ. ಕುಡಿತ ಹತ್ತಿತು. ಮನೆಯವರು ಒಂದು ಶಿಬಿರಕ್ಕೆ ಕಳಿಸಿದರು, ಬಿಟ್ಟು ಬಂದ. ನಾವೂ ನಾಲ್ಕು ಜನ ಸೇರಿ ಶಾಲು ಹೊದೆಸಿ ಫೋಟೋ ತೆಗೆಸಿದೆವು. ಹದಿನೈದು ದಿನಕ್ಕೆ ಕೊಯ್ಲು ಬಂತು. ಸಂಜೆ ಕೂಲಿಯ ಜತೆ ಎಲ್ಲರಿಗೂ 'ಖರ್ಚಿಗೆ' ಎಂದು ನೂರು ರೂಪಾಯಿ ಹೆಚ್ಚು ಕೊಡುವುದು ನಮ್ಮ ರೂಢಿ. ಅವನು ಕೈ ಚಾಚಲಿಲ್ಲ. "ನಂಗೆ ಬ್ಯಾಡ ಒಡೆಯಾ, ಅಕ್ಕಿ ಇದ್ರೆ ಕೊಡಿ" ಎಂದ. "ತಗೋ ಮಾರಾಯ, ಮನೆಗೆ ಕೊಡು" ಎಂದು ನಗುತ್ತ ಕಿಸೆಗೆ ತುರುಕಿದೆವು. ಶಿವರಾತ್ರಿಯ ಹೊತ್ತಿಗೆ ಅವನು ಎಲ್ಲಿಂದ ಹೊರಟಿದ್ದನೋ ಅಲ್ಲಿಗೇ ಮರಳಿದ್ದ.

ಶಿಬಿರ ತನ್ನ ಕೆಲಸ ಮಾಡಿತ್ತು. ಆಮೇಲಿನ ದಿನಗಳಲ್ಲಿ ಅವನ ಜತೆ ಯಾರೂ ಇರಲಿಲ್ಲ.

ಶಿಬಿರಗಳ ಬಗ್ಗೆ ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ ಎಲ್ಲರಿಗೂ ಗೊತ್ತು. ಊರಿನವರೇ ಒಂದು ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಊಟ, ಜಾಗ ಇವುಗಳಿಗೆ ದಾನಿಗಳನ್ನು ಹುಡುಕುತ್ತಾರೆ. ನಮ್ಮ ಜನ ಇದಕ್ಕೆ ಕೈಬಿಚ್ಚಿ ಕೊಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ತಾವಾಗಿ ಬರುತ್ತವೆ. ಆದರೆ ಆ ಶಿಬಿರದ ನಿಜವಾದ ಜಾಣತನ ಎಂಟು ದಿನಗಳಲ್ಲಿಲ್ಲ, ಆಮೇಲಿನ ನವಜೀವನ ಸಮಿತಿಯಲ್ಲಿದೆ. ಬಿಟ್ಟವರು ಮತ್ತೆ ಮತ್ತೆ ಒಂದೆಡೆ ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. 1935ರಲ್ಲಿ ಅಮೆರಿಕದ ಓಹಾಯೋ ಪ್ರಾಂತದಲ್ಲಿ ಇಬ್ಬರು ಕುಡುಕರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸೂತ್ರವೂ ಇದೇ: ಬಿಟ್ಟವನೇ ಬಿಡುವವನಿಗೆ ಆಸರೆ. ಈ ಭಾಗಕ್ಕೆ ದಾನಿಗಳು ಸಿಗುವುದು ಕಷ್ಟ. ಇದರಲ್ಲಿ ವೇದಿಕೆಯಿಲ್ಲ, ಶಾಲಿಲ್ಲ. ಬಸ್ ಚಾರ್ಜು, ಚಹಾದ ದುಡ್ಡು ಅಷ್ಟೆ.

ಎಳೆಯರಿಗೆ ಜತೆಗಾರನಿದ್ದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಎಂಬ ಸಂಸ್ಥೆ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡುತ್ತದೆ. 1995ರಲ್ಲಿ ಹೊರಬಂದ ಅಧ್ಯಯನದಲ್ಲಿ 10ರಿಂದ 16 ವಯಸ್ಸಿನ 959 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜತೆಗಾರರನ್ನು ಕೊಟ್ಟು, 18 ತಿಂಗಳ ನಂತರ ನೋಡಿದರು. ಜತೆಗಾರರಿದ್ದ ಗುಂಪಿನಲ್ಲಿ ಹೊಸದಾಗಿ ಮಾದಕ ವಸ್ತು ಮುಟ್ಟಿದವರು ಶೇಕಡಾ 46ರಷ್ಟು, ಹೊಸದಾಗಿ ಮದ್ಯ ಮುಟ್ಟಿದವರು ಶೇಕಡಾ 27ರಷ್ಟು ಕಡಿಮೆ. ಇದು ಇನ್ನೂ ಚಟಕ್ಕೆ ಬೀಳದವರ ಲೆಕ್ಕ. ಬಿದ್ದವರನ್ನು ಎತ್ತುವುದಕ್ಕೆ ಇದೇ ಅಂಕಿಯನ್ನು ಹೇಳಲಾಗದು.

ಅದೇ ಮಕ್ಕಳ ಮಾಹಿತಿಯನ್ನು 2002ರಲ್ಲಿ ಮತ್ತೆ ಬಿಡಿಸಿ ನೋಡಿದಾಗ ಕಂಡದ್ದು ಇನ್ನೂ ಮುಖ್ಯ. ಒಂದು ವರ್ಷಕ್ಕೂ ಮೀರಿ ನಡೆದ ಜತೆಯಿಂದ ಹೆಚ್ಚು ಲಾಭ. ಬೇಗ ಮುರಿದುಬಿದ್ದ ಜತೆಯಿಂದ ಕೆಲವು ಮಕ್ಕಳಿಗೆ ಕೇಡೇ ಆಗಿತ್ತು, ತಮ್ಮ ಮೇಲಿನ ಅವರ ನಂಬಿಕೆ ಕುಂದಿತ್ತು. ಎಳೆ ಸಸಿಗೆ ಪಡುವಣ ಬಿಸಿಲು ತಾಗದಂತೆ ನೆರಳು ಮಾಡಿ, ಕಡು ಬೇಸಿಗೆಯಲ್ಲಿ ಆ ನೆರಳು ತೆಗೆದರೆ ಏನಾಗುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಆದ್ದರಿಂದ ಪೂರ್ತಿ ಅವಧಿಯ ಹಣ ಬ್ಯಾಂಕಿನಲ್ಲಿ ಕೂತ ಮೇಲೆಯೇ ಮೊದಲ ಹುಡುಗನಿಗೆ ಜತೆಗಾರನನ್ನು ಕೊಡಬೇಕು. ಅರ್ಧ ಹಣದಲ್ಲಿ ಶುರು ಮಾಡುವುದಾದರೆ ಶುರು ಮಾಡದಿರುವುದೇ ಲೇಸು.

ಈಗ ಲೆಕ್ಕ. ಇದು ಮಾದರಿ ಮಾತ್ರ. ಆರು ಹುಡುಗರು, ಆರು ಜತೆಗಾರರು. ಜೋಡಿಗೆ ತಿಂಗಳಿಗೆ 300 ರೂಪಾಯಿ: ವಾರಕ್ಕೊಮ್ಮೆ ಭೇಟಿಯ ಚಹಾ, ಬೇಕೆನಿಸಿದಾಗ ಗೇರುಸೊಪ್ಪದಿಂದ ಹೊನ್ನಾವರದ ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು. 18 ತಿಂಗಳಿಗೆ 32,400 ರೂಪಾಯಿ. 300 ಸದಸ್ಯರು ಸರಾಸರಿ ಆರು ಕ್ವಿಂಟಾಲ್ ಚಾಲಿ ತಂದರೆ 1,800 ಕ್ವಿಂಟಾಲ್. ಕ್ವಿಂಟಾಲಿಗೆ 18 ರೂಪಾಯಿ ಹಿಡಿದರೆ ಒಂದೇ ಹಂಗಾಮಿನಲ್ಲಿ ಹಣ ಕೂಡುತ್ತದೆ. ಸದಸ್ಯರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಪೈಸೆಯನ್ನೂ ಮುರಿಯಕೂಡದು. ಸಂಘದ ಲಾಭದಿಂದ ಕೊಡುವುದಾದರೆ ಮೀಸಲು ನಿಧಿಯ ಭಾಗ ತೆಗೆದ ಮೇಲೆ, ಉಪವಿಧಿಯಲ್ಲಿ ಅವಕಾಶವಿದ್ದಷ್ಟೇ, ಸಭೆಯ ಠರಾವಿನೊಂದಿಗೆ. ಖಾತೆ ಬೇರೆ ಇರಬೇಕು. ವಾರ್ಷಿಕ ವರದಿಯಲ್ಲಿ ಹುಡುಗರ ಸಂಖ್ಯೆ ಮಾತ್ರ ಇರಲಿ, ಹೆಸರು ಬೇಡ, ಫೋಟೋ ಖಂಡಿತ ಬೇಡ.

ಹುಡುಗನ ಕೈಗೆ ನಗದು ಕೊಡುವುದು ಈ ಯೋಜನೆಯಲ್ಲಿ ಇಲ್ಲ. ಜತೆಗಾರನಿಗೂ ಸಂಬಳವಿಲ್ಲ.

ಜತೆಗಾರ ಯಾರಾಗಬೇಕು? ಹುಡುಗನಿಗೆ ಕೆಲಸ ಕೊಡುವ ಒಡೆಯ ಬೇಡ, ಸಾಲ ಕೊಟ್ಟವನು ಬೇಡ, ನೆಂಟನೂ ಬೇಡ. ಅಂಥವರೆದುರು "ನಿನ್ನೆ ಕುಡಿದೆ" ಎಂದು ಅವನು ಬಾಯಿಬಿಡುವುದಿಲ್ಲ. ನಮ್ಮಂಥ ತೋಟಿಗರು ಹಣ ಕೊಡೋಣ, ಪಕ್ಕಕ್ಕೆ ನಿಲ್ಲೋಣ. ಬಿಟ್ಟು ಐದಾರು ವರ್ಷವಾದ ಕೊನೆಗೌಡ, ನಿವೃತ್ತ ಮಾಸ್ತರು, ಮೋಟಾರು ರಿಪೇರಿಯವನು, ಇಂಥವರು ಆಗುತ್ತಾರೆ. ಹುಡುಗಿಯರಿಗೆ ಹೆಂಗಸರೇ ಆಗಬೇಕು. ಹುಡುಗ 18ರ ಒಳಗಿನವನಾದರೆ ತಂದೆತಾಯಿಯ ಒಪ್ಪಿಗೆ ಬೇಕು, ಭೇಟಿ ನಾಲ್ಕು ಜನ ಕಾಣುವ ಜಾಗದಲ್ಲಿ ಆಗಬೇಕು. ಜತೆಗಾರನ ಪೂರ್ವಾಪರವನ್ನು ಸಮಿತಿ ವಿಚಾರಿಸಬೇಕು. ನಾಚಿಕೆಗೆ ಬಿಡುವ ವಿಷಯವಲ್ಲ.

ಜತೆಗಾರ ವೈದ್ಯನಲ್ಲ ಎಂಬುದೂ ನೆನಪಿರಲಿ. ಬಹಳ ಕಾಲದಿಂದ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಬರಬಹುದು, ಬುದ್ಧಿಭ್ರಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಮೊದಲು ಡಾಕ್ಟರರಿಗೆ ತೋರಿಸಬೇಕು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ದೆಹಲಿಯ ಏಮ್ಸ್ ಸಂಸ್ಥೆ ಮಾಡಿ 2019ರಲ್ಲಿ ಪ್ರಕಟವಾದ ದೇಶದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಇದೆಲ್ಲ ಸರಕಾರದ ಕೆಲಸ, ಅಡಿಕೆ ಸಂಘಕ್ಕೇಕೆ ಎಂದು ಕೇಳುವವರಿದ್ದಾರೆ. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕುಡಿತ ಬೇರೆ ಬಾಟಲಿಗೆ ಹೋಯಿತು; ಗುಟ್ಕಾ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಎರಡಾಯಿತು. ಆ ಮೊದಲ ಚೀಟಿಯಲ್ಲಿರುವುದು ನಾವು ಬೆಳೆದ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ನಮ್ಮ ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಬರೆದದ್ದಕ್ಕೆ ನಮ್ಮ ಮೇಲೆ ಸಿಟ್ಟಾಗುವವರೂ ಇದ್ದಾರೆ, ಆಗಲಿ. ಹದಿನಾಲ್ಕರ ಹುಡುಗ ಆ ಎರಡು ಚೀಟಿ ಹರಿದು ಬಾಯಿಗೆ ಸುರಿಯುವುದು ನಮ್ಮ ಬಸ್‌ಸ್ಟಾಂಡಿನಲ್ಲೇ ಕಾಣುತ್ತದೆ. ಕ್ವಿಂಟಾಲಿಗೆ 18 ರೂಪಾಯಿ ಅದಕ್ಕೆ ಪ್ರಾಯಶ್ಚಿತ್ತವೆಂದು ನಾವು ಹೇಳುತ್ತಿಲ್ಲ. ನಮಗೆ ಸಂಬಂಧವೇ ಇಲ್ಲ ಎನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಹಣದ ಪ್ರಶ್ನೆ ಸಭೆಗೆ ಬಿಟ್ಟದ್ದು. ಕೊಯ್ಲಿನ ಸಂಜೆಯ 'ಖರ್ಚು' ನಿಲ್ಲಿಸಿ, ಅಷ್ಟೇ ಬೆಲೆಯ ಅಕ್ಕಿ ಕೊಡುವುದಕ್ಕೆ, ಇಲ್ಲವೇ ಮನೆಯ ಹೆಂಗಸರ ಬ್ಯಾಂಕ್ ಖಾತೆಗೆ ಹಾಕುವುದಕ್ಕೆ ಠರಾವು ಬೇಕಿಲ್ಲ. ಎರಡು ವರ್ಷದಿಂದ ನಾವು ಹಾಗೆ ಮಾಡುತ್ತಿದ್ದೇವೆ. ಮೊದಲ ವರ್ಷ ಇಬ್ಬರು ಕೆಲಸ ಬಿಟ್ಟು ಹೋದರು, ಈ ವರ್ಷ ಒಬ್ಬ ಮರಳಿ ಬಂದಿದ್ದಾನೆ. ಜತೆಗಾರರಾಗಲು ಮನಸ್ಸಿದ್ದವರು ಸಭೆಗೆ ಮುಂಚೆ ಕಚೇರಿಗೆ ಬಂದು ಬಾಯಿಮಾತಿನಲ್ಲೇ ತಿಳಿಸಬಹುದು. ಅವರ ಹೆಸರನ್ನು ಫಲಕದಲ್ಲಿ ಹಾಕುವುದಿಲ್ಲ.