ಗಿಡದ ಆಯಸ್ಸು ನೋಡಿ ನೀರು ಹಾಕಿ

ಚಳ್ಳಕೆರೆ, ಮೊಳಕಾಲ್ಮುರು ಕಡೆ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ. ಇಲ್ಲಿ ಹಿತ್ತಲಲ್ಲಿ ಹೂ ಕಾಣಬೇಕಾದರೆ ಯಾವ ಗಿಡ ಎಷ್ಟು ದಿನ ಬಾಳುತ್ತದೆ ಎಂಬುದು ಗೊತ್ತಿರಬೇಕು.

1. ಹಬ್ಬದಿಂದ ಹಿಂದಕ್ಕೆ ಎಣಿಸಿ. ಚೆಂಡುಹೂ ಒಂದೇ ಹಂಗಾಮಿನದು. ಬಿತ್ತಿದ ತಿಂಗಳಿಗೆ ನಾಟಿ, ಅಲ್ಲಿಂದ ಒಂದೂವರೆ-ಎರಡು ತಿಂಗಳಿಗೆ ಹೂ. ದಸರೆಗೆ ಬೇಕಿದ್ದರೆ ಜುಲೈ ಮೊದಲಿಗೇ ಬಿತ್ತಿ. ಫಾಲ್ಗುಣದ ನಾಯಕನಹಟ್ಟಿ ತೇರಿಗಾದರೆ ಡಿಸೆಂಬರ್ ಬಿತ್ತನೆ.

2. ಚೆಂಡುಹೂ ಗಿಡದ ತುದಿಯ ಮೊದಲ ಮೊಗ್ಗನ್ನು ಮುಲಾಜಿಲ್ಲದೆ ಚಿವುಟಿ. ಪಕ್ಕದ ಕವಲೊಡೆದು ಹೂ ಹೆಚ್ಚುತ್ತದೆ.

3. ಹೂ ಮುಗಿಯಿತೆಂದು ಸೇವಂತಿಗೆ ಕೀಳಬೇಡಿ. ಅದು ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ. ಬೇಸಿಗೆಯಲ್ಲಿ ಎಷ್ಟು ಗೊಬ್ಬರ ಸುರಿದರೂ ಎಲೆಯೇ ಗತಿ. ರಾತ್ರಿಯಿಡೀ ಬೀದಿದೀಪ ಬೀಳುವ ಜಾಗದಲ್ಲಿದ್ದರೂ ಮೊಗ್ಗು ತಡ. ಅದನ್ನು ಗಿಡದ ರೋಗವೆಂದುಕೊಂಡು ಔಷಧಿ ಹೊಡೆಯುವವರೂ ಇದ್ದಾರೆ! ಹೂ ಮುಗಿದ ಮೇಲೆ ನೆಲಮಟ್ಟದಿಂದ ಗೇಣುದ್ದ ಬಿಟ್ಟು ಕತ್ತರಿಸಿ. ಬುಡದಲ್ಲಿ ಮರಿಗಳೇಳುತ್ತವೆ. ಏಪ್ರಿಲ್-ಮೇ ಬಿಸಿಲಿಗೆ ಅವನ್ನು ನೆರಳಲ್ಲಿ ಕಾಪಾಡಿ, ಜೂನ್‌ನಲ್ಲಿ ಬಿಡಿಸಿ ನೆಡಿ.

4. ಸುಗಂಧರಾಜದ ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಮುಂದಿನ ಹೂ ಅದರ ಪಕ್ಕದ ಮರಿಗಡ್ಡೆಗಳದು. ಎರಡು-ಮೂರು ವರ್ಷಕ್ಕೊಮ್ಮೆ ಅಗೆದು, ದಪ್ಪನೆಯವನ್ನು ಆರಿಸಿ ಮತ್ತೆ ನೆಡಿ.

5. ಕನಕಾಂಬರಕ್ಕೆ ವರ್ಷಗಟ್ಟಲೆ ಆಯಸ್ಸಿದೆ. ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಚಟ್ಟನೆ ಸಿಡಿದು ಬೀಜ ಮಾರುದ್ದ ಹಾರುತ್ತದೆ. ಬೀಜ ಬೇಕಿದ್ದರೆ ಮಳೆಗೆ ಮುಂಚೆ ತೆನೆ ಕಿತ್ತಿಡಿ. ದಿಲ್ಲಿ ಕನಕಾಂಬರಕ್ಕೆ ಬೀಜವೇ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಬೇರಿಗೆ ಜಂತುಹುಳು ಕಾಟವಿದ್ದರೆ ಆ ಮಡಿಯಲ್ಲಿ ಮೊದಲು ಒಂದು ಹಂಗಾಮು ಚೆಂಡುಹೂ ಬೆಳೆಯಿರಿ.

6. ಮಲ್ಲಿಗೆಗೆ ನವೆಂಬರ್‌ನಲ್ಲಿ ನೀರು ನಿಲ್ಲಿಸಿ, ಕೊನೆಯ ವಾರ ಸವರಿ, ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಮಾರ್ಚ್‌ನಿಂದ ಮೊಗ್ಗು.

7. ಹೈಬ್ರಿಡ್ ಚೆಂಡುಹೂವಿನ ಬೀಜ ಎತ್ತಿಡಬೇಡಿ, ಮುಂದಿನ ಸಲ ಬಣ್ಣ-ಗಾತ್ರ ಚೆಲ್ಲಾಪಿಲ್ಲಿ. ನಾಟಿ ತಳಿಯದನ್ನು ಧಾರಾಳ ಇಡಿ.

8. ಇಷ್ಟೆಲ್ಲ ಪುರುಸೊತ್ತಿಲ್ಲವೇ? ಕಾಗದದ ಹೂ, ಕಣಗಿಲೆ ನೆಡಿ. ಮೊದಲ ಬೇಸಿಗೆ ದಾಟಿಸಿದರೆ ಆಮೇಲೆ ಅವು ಹೆಚ್ಚು ಕೇಳುವುದಿಲ್ಲ. ನೀರು ಜಾಸ್ತಿಯಾದರೆ ಕಾಗದದ ಹೂ ಬರೀ ಸೊಪ್ಪಾಗುತ್ತದೆ. ಕಣಗಿಲೆ ಮಾತ್ರ ವಿಷ. ಕುರಿ-ಮೇಕೆ ಇರುವ ಮನೆಯವರು ಕೊಟ್ಟಿಗೆಯಿಂದ ದೂರ ನೆಡಿ, ಸವರಿದ ರೆಂಬೆಗಳನ್ನೂ ಬಯಲಿಗೆ ಎಸೆಯಬೇಡಿ.