ಕಾಯಿಪಲ್ಲೆಯ ತೋಟವೂ ಲಕ್ಕಮ್ಮನ ಪಾಠವೂ

ಶಾಲೆಯ ಹಿತ್ತಲಲ್ಲಿ ತೋಟ ಮಾಡಿಸುವಾಗ ಗುದ್ದಲಿಗಿಂತ ಮೊದಲು ಮಕ್ಕಳ ಕೈಗೆ ಹಲಗೆ-ಬಳಪ ಬರಬೇಕು. ಮಕ್ಕಳ ಆಸೆ ಹಿರಿದು, ಹಿತ್ತಲೆಲ್ಲವನ್ನೂ ಅಗೆಯೋಣವೆನ್ನುವರು. ಆಗ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳತಕ್ಕದ್ದು. ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆ ತಾಯಿಯು ಅಲ್ಲಿಯೇ ಸುರಿದು ಬರಹೇಳಿದಳಷ್ಟೆ. ಬಾವಿಯು ಬೆಳಗು-ಬೈಗು ಎಷ್ಟು ಕೊಡ ನೀರು ಕೊಡುವುದು, ಒಂದು ಮಡಿಗೆ ಎಷ್ಟು ಕೊಡ ಬೇಕು ಎಂಬುದನ್ನು ಮಕ್ಕಳೇ ಸುರಿದು ಎಣಿಸಲಿ. ಮಡಿಗಳ ಸಂಖ್ಯೆಯು ಆ ಭಾಗಾಕಾರದಿಂದಲೇ ಹುಟ್ಟಲಿ.

ಮಡಿಯ ಅಗಲ 3 ಅಡಿ ಸಾಕು. ಮೀರಿದರೆ ಎಳೆಯರ ಕೈ ನಡುವಿಗೆ ಎಟುಕದೆ ಮಣ್ಣನ್ನು ತುಳಿಯುವರು. ಮೆಂತ್ಯದ ಸೊಪ್ಪು 25-30 ದಿನಗಳಲ್ಲಿ ಕೈಗೆ ಬರುವುದು. ಬದನೆಗಾದರೋ ಸಸಿ ನೆಟ್ಟ ಮೇಲೆ ಸುಮಾರು 2 ತಿಂಗಳು ಕಾಯಬೇಕು. ಆದುದರಿಂದ ಬಿತ್ತುವ ದಿನವನ್ನು ಬೇಸಿಗೆಯ ರಜೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು. ಬದನೆ ಕಿತ್ತ ಮಡಿಗೆ ಮೆಣಸಿನ ಗಿಡವನ್ನು ಹಚ್ಚುವುದು ಸಲ್ಲದು. ಎರಡೂ ಒಂದೇ ಕುಲದವು. ಒಂದರ ರೋಗ ಇನ್ನೊಂದಕ್ಕೆ ತಗಲುವುದು. ಅಲ್ಲಿ ಅವರೆಯನ್ನು ಬಿತ್ತಲಿ.

ಮಗನನ್ನು ಓದಲು ಕಳಿಸಿದ್ದೇವೆ, ನೀರು ಹೊರಲು ಅಲ್ಲವೆನ್ನುವ ಗೃಹಸ್ಥರುಂಟು. ಅವರ ಮನೆಗಳಲ್ಲಿಯೂ ಕಾಯಕದ ಮಾತು ನಿತ್ಯ ನಡೆಯುವುದು! ನೀರಿನ ಸರದಿಯ ಪಟ್ಟಿಯಲ್ಲಿ ಯಾರ ಹೆಸರನ್ನೂ ಬಿಡತಕ್ಕದ್ದಲ್ಲ. ಮೊದಲ ಕೊಯ್ಲು ದಾಸೋಹದ ಅಡುಗೆಮನೆಗೆ ಹೋಗಲಿ. ಅದರ ತೂಕವನ್ನು ಮಕ್ಕಳೇ ಬರೆದಿಡಲಿ.