ಬಾನೆಟ್ ಮುಟ್ಟಿ ನೋಡು, ಮಗಾ

ನಿನ್ನೆ ಸಂಜೆ ಮೊಬೈಲನ್ನ ನನ್ನ ಮೂಗಿನ ಹತ್ತಿರ ಹಿಡಿದು, "ತಾತ, ಈ ಕಾರು ಹೆಂಗಿದೆ?" ಅಂದೆ. ಕೆಂಪು ಬಣ್ಣ, ಫಳಫಳ ಹೊಳೆಯೋ ಚಕ್ರ, ಯಾವುದೋ ಕೆರೆ ಏರಿ ಮೇಲೆ ಇಳಿಬಿಸಿಲಲ್ಲಿ ನಿಲ್ಲಿಸಿ ತೆಗೆದ ಫೋಟೊ. ಫೋಟೊ ಚೆನ್ನಾಗಿದೆ ಕಣಪ್ಪ. ಮದುವೆ ಗಂಡಿನ ಫೋಟೊನೂ ಹಾಗೇ ಇರುತ್ತೆ. ಈ ಸಲ ಶುಂಠಿಯಲ್ಲಿ ನಾಲ್ಕು ಕಾಸು ಕಂಡಿದ್ದೀಯ, ನಾಳೆ ಬೆಳಗಾದರೆ ಹಾಸನಕ್ಕೆ ಓಡಿ ಅಡ್ವಾನ್ಸ್ ಕೊಟ್ಟು ಬರಬೇಕು ಅಂತ ಕೈ ತುರಿಸ್ತಿದೆ. ನಿನಗೆ ತಲೆ ಓಡುತ್ತೆ, ಕೈ ಚುರುಕು, ಹೊಲದ ಲೆಕ್ಕ ನನಗಿಂತ ಚೆನ್ನಾಗಿ ಇಡ್ತೀಯ. ತಾಳ್ಮೆ ಒಂದೇ ಕಮ್ಮಿ. ಕಾರು ಮಾರೋನಿಗೆ ಬೇಕಾಗಿರೋದೂ ಅಂಥ ಗಿರಾಕಿಯೇ.

ನಮ್ಮಪ್ಪ ಬೂಕನಬೆಟ್ಟದ ಜಾತ್ರೆಗೆ ಎತ್ತು ತರೋಕೆ ಹೋದರೆ ಮೊದಲ ದಿನ ಬರೀ ನೋಡೋರು. ಕೊಂಬಿನ ಬಣ್ಣ, ಕೊರಳಿನ ಗೆಜ್ಜೆ ಅವರ ಕಣ್ಣಿಗೇ ಬೀಳ್ತಿರಲಿಲ್ಲ. ತುಟಿ ಬಿಡಿಸಿ ಹಲ್ಲು ನೋಡೋರು, ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಹುಡುಕೋರು, ಹತ್ತು ಹೆಜ್ಜೆ ನಡೆಸಿ ಕಾಲು ನೋಡೋರು. ಆಮೇಲೆ ಎತ್ತು ಬಿಟ್ಟು ಎತ್ತಿನವನ ಪಕ್ಕ ಕೂತು ಎಲೆಅಡಿಕೆ ಹಾಕ್ಕೊಂಡು ಮಾತಿಗಿಳಿಯೋರು. ಮಳೆಗಾಲದಲ್ಲಿ ಎಲ್ಲಿ ಕಟ್ತೀಯ, ಹುಷಾರಿಲ್ಲದಾಗ ಯಾರಿಗೆ ತೋರಿಸ್ತೀಯ, ಈಗ ಯಾಕೆ ಮಾರ್ತಿದ್ದೀಯ. ಸಾಕಿದವನ ಗುಣವೆಲ್ಲ ಎತ್ತಿನ ಮೈಮೇಲೆ ಇರುತ್ತೆ ಅನ್ನೋದು ಅವರ ನಂಬಿಕೆ. ನಲವತ್ತು ವರ್ಷ ಗಾಡಿ ಓಡಿಸಿದ ಮೇಲೆ ಹೇಳ್ತೀನಿ, ಕಾರಿಗೂ ಅದೇ ಮಾತು.

ಅದಕ್ಕೇ ಕಾರನ್ನ ಹಾಸನದ ಯಾವುದೋ ಸರ್ಕಲ್‌ನಲ್ಲಿ ನಿಂತು ನೋಡಬೇಡ. ಓನರ್ ಮನೆಗೇ ಹೋಗು. ಗಾಡಿ ನೆರಳಲ್ಲಿ ನಿಲ್ಲುತ್ತಾ, ವರ್ಷವಿಡೀ ಮಳೆಬಿಸಿಲಲ್ಲಿ ನೆನೆದು ಒಣಗುತ್ತಾ ನೋಡು. ಸರ್ವಿಸ್ ಬಿಲ್ ಕೇಳು. ಜೋಪಾನದ ಮನುಷ್ಯ ಆದರೆ ಒಂದು ಫೈಲೇ ತಂದು ನಿನ್ನ ಮುಂದೆ ಇಡ್ತಾನೆ. "ಎಲ್ಲಾ ಇತ್ತು, ಮನೆ ಬದಲಾಯಿಸುವಾಗ ಕಳೆದುಹೋಯ್ತು" ಅಂದರೆ ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸು. ಎಷ್ಟು ಕಿಲೋಮೀಟರ್‌ಗೆ ಯಾವಾಗ ಬಂದಿತ್ತು ಅನ್ನೋದು ಅಲ್ಲಿನ ಕಂಪ್ಯೂಟರ್‌ನಲ್ಲಿ ಇರುತ್ತೆ. "ಸಿಂಗಲ್ ಓನರ್, ಡಾಕ್ಟರ್ ಕಾರು" ಅನ್ನೋ ಬ್ರೋಕರ್ ಮಾತನ್ನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಎಷ್ಟನೇ ಓನರ್ ಅನ್ನೋದನ್ನ ಆರ್‌ಸಿಯೇ ಹೇಳುತ್ತೆ.

ಹೋಗುವಾಗ ಬೆಳಗ್ಗೆ ಹೋಗು. ಹಿಂದಿನ ರಾತ್ರಿಯೇ ಫೋನ್ ಮಾಡಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿರು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನಿನ್ನಿಂದ ಏನನ್ನೋ ಮುಚ್ಚಿಡೋಕೆ ಎಂಜಿನ್ ಮೊದಲೇ ಕಾಯಿಸಿರಬಹುದು. ಹಳೇ ಎಂಜಿನ್‌ನ ಕಾಯಿಲೆ ಹೊರಗೆ ಬರೋದು ತಣ್ಣಗಿರುವಾಗ. ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಒಳಗಡೆ ನೋಡು. ಮಜ್ಜಿಗೆಯ ಬೆಣ್ಣೆ ಹಾಗೆ ಬೆಳ್ಳಗೆ ಅಂಟಿಕೊಂಡಿದ್ದರೆ ಆಯಿಲ್‌ಗೆ ನೀರು ಸೇರ್ತಿರೋ ಅನುಮಾನ. ಕೂಲೆಂಟ್ ಟ್ಯಾಂಕ್‌ನಲ್ಲೂ ಎಣ್ಣೆ ಜಿಡ್ಡು ತೇಲ್ತಿದ್ದರೆ ಅನುಮಾನ ಇನ್ನೂ ಗಟ್ಟಿ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಮೇಲೆ ಕೀ ತಿರುಗಿಸು, ಸ್ಟಾರ್ಟ್ ಮಾಡಬೇಡ. ಮೀಟರ್ ಬೋರ್ಡ್‌ನಲ್ಲಿ ಎಂಜಿನ್ ಲೈಟು, ಏರ್‌ಬ್ಯಾಗ್ ಲೈಟು ಹತ್ತಬೇಕು, ಎಲ್ಲಾ ಸರಿ ಇದ್ದರೆ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ದೋಷ ಕಾಣಬಾರದು ಅಂತ ಯಾರೋ ಲೈಟನ್ನೇ ಕಿತ್ತಿರಬಹುದು.

ಸ್ಟಾರ್ಟ್ ಆದಾಗ ನೀನು ಹಿಂದೆ ನಿಂತಿರು, ಜೊತೆಗೆ ಬಂದವರಿಗೆ ಎಕ್ಸಲೇಟರ್ ಒತ್ತೋಕೆ ಹೇಳು. ಚಳಿಗಾಲದ ಬೆಳಗ್ಗೆ ಒಂದು ನಿಮಿಷ ಬಿಳಿ ಹಬೆ ಬಂದರೆ ಗಾಬರಿಯಾಗಬೇಡ, ಅದು ಬರೀ ನೀರಾವಿ. ಎಂಜಿನ್ ಕಾದ ಮೇಲೂ ದಟ್ಟಗೆ ಬಿಳಿ ಹೊಗೆ ಬರ್ತಿದ್ದರೆ ಕೂಲೆಂಟ್ ಉರೀತಿದೆ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಕುಡೀತಿದೆ. ಡೀಸೆಲ್ ಗಾಡಿ ಕರೀ ಹೊಗೆ ಉಗುಳಿದರೆ ಇಂಜೆಕ್ಟರ್, ಟರ್ಬೊ ಎರಡನ್ನೂ ತೋರಿಸಬೇಕು. ನೀಲಿ ಕಂಡರೆ ಚೌಕಾಸಿಯೇ ಬೇಡ, ನಮಸ್ಕಾರ ಹೇಳಿ ಎದ್ದು ಬಾ.

ಇದನ್ನೆಲ್ಲ ನನಗೆ ಕಲಿಸಿದ್ದು ಶಿರಾಡಿ ಘಾಟಿ. ಮೊದಲ ಕಾರು ಅಂತ ಒಂದು ಹಳೇ ಪೆಟ್ರೋಲ್ ಗಾಡಿ ತಂದಿದ್ದೆ. ಊರೊಳಗೆ ಎರಡು ರೌಂಡು ಓಡಿಸಿ ನೋಡಿ, ಒಂದೇ ಮಾತಿಗೆ ದುಡ್ಡು ಎಣಿಸಿದ್ದೆ. ತಿಂಗಳು ತುಂಬಿರಲಿಲ್ಲ, ಮನೆಮಂದಿಯನ್ನೆಲ್ಲ ಕೂರಿಸ್ಕೊಂಡು ಧರ್ಮಸ್ಥಳಕ್ಕೆ ಹೊರಟೆ. ಹೋಗುವಾಗ ಇಳಿಜಾರು, ಏನೂ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಏರು ಶುರುವಾಯ್ತು ನೋಡು, ಮುಳ್ಳು ಕೆಂಪಿಗೆ ಹೋಗಿ ಬಾನೆಟ್‌ನಿಂದ ಹಬೆ ಎದ್ದಿತು. ಮಳೆ, ಕತ್ತಲು, ಪಕ್ಕದಲ್ಲಿ ಲಾರಿಗಳ ಸಾಲು. ನಿನ್ನಜ್ಜಿ ಕಂಕುಳಲ್ಲಿ ನಿಮ್ಮಪ್ಪ, ಜ್ವರದಲ್ಲಿ. ಮೂರು ಗಂಟೆ ಹಾಗೇ ನಿಂತಿದ್ವಿ. ಎಂಜಿನ್ ಬಿಚ್ಚಿಸಿದ ಖರ್ಚು ಮರೆತಿದ್ದೀನಿ, ಆ ಮೂರು ಗಂಟೆ ಮರೆತಿಲ್ಲ.

ಆದ್ದರಿಂದ ಸಮತಟ್ಟಾದ ಟಾರ್ ರೋಡಲ್ಲಿ ಎರಡು ಕಿಲೋಮೀಟರ್ ಓಡಿಸಿ ಖುಷಿಪಡಬೇಡ. ಏರು ಇರೋ ರಸ್ತೆ ಹುಡುಕು, ಅರ್ಧ ಗಂಟೆಯಾದರೂ ಓಡಿಸು. ಏರಲ್ಲಿ ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಎಂಜಿನ್ ಕೂಗು ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕು. ಕಟಕಟ ಅಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಹಳ್ಳಕ್ಕೆ ಇಳಿಸು. ಓನರ್ ಮುಖ ಸಿಂಡರಿಸಿದರೆ ಸಿಂಡರಿಸಲಿ. ಕೆಳಗಿಂದ ಗುಡುಗುಡು ಬಂದರೆ ಬುಷ್‌ಗಳ ಕೆಲಸ ಇದೆ ಅಂತ ಲೆಕ್ಕ ಹಾಕು. ಸ್ಟೀರಿಯೊ ಮಾತ್ರ ಆಫ್ ಮಾಡಿಸು. ಹಾಡು ಮನೆಗೆ ಬಂದ ಮೇಲೆ ಕೇಳ್ಕೊಂಡರಾಯ್ತು.

ಮೀಟರ್‌ನಲ್ಲಿರೋ ಕಿಲೋಮೀಟರ್ ನಂಬಬೇಡ. ಡಿಜಿಟಲ್ ಮೀಟರನ್ನೂ ಈಗ ಹಿಂದಕ್ಕೆ ತಿರುಗಿಸೋರಿದ್ದಾರೆ. ಕ್ಲಚ್ ಪೆಡಲ್‌ನ ರಬ್ಬರ್ ನುಣ್ಣಗಾಗಿ, ಡ್ರೈವರ್ ಸೀಟು ಕುಸಿದು, ಸ್ಟೇರಿಂಗ್ ಎಣ್ಣೆ ಸವರಿದ ಹಾಗೆ ಮಿರುಗ್ತಿದ್ದು, ಮೀಟರ್ ಮಾತ್ರ ಮೂವತ್ತು ಸಾವಿರ ತೋರಿಸಿದರೆ ಯಾವುದನ್ನ ನಂಬ್ತೀಯ? ಬೇಲೂರು ಹಳೇಬೀಡಿಗೆ ಪ್ರವಾಸಿಗರನ್ನ ಹೊತ್ತು ದುಡಿದ ಗಾಡಿಗಳೂ ಬಿಳೀ ಬೋರ್ಡ್ ಹಾಕ್ಕೊಂಡು ಮಾರಾಟಕ್ಕೆ ಬರ್ತವೆ. ದುಡಿದಿದ್ದು ತಪ್ಪಲ್ಲ. ಮುಚ್ಚಿಟ್ಟು ಮಾರೋದು ತಪ್ಪು. ಟೈರ್ ಮೇಲೂ ನಾಲ್ಕು ಅಂಕಿ ಇರುತ್ತೆ, 3219 ಅಂದರೆ 2019ರ 32ನೇ ವಾರ ತಯಾರಾಗಿದ್ದು.

ಬಣ್ಣದ ವಿಚಾರಕ್ಕೆ ಬಾ. ಮೇಲೆ ಥಳುಕು, ಒಳಗೆ ಹುಳುಕು ಅನ್ನೋ ಗಾದೆ ಟಿಂಕರಿಂಗ್ ಶೆಡ್‌ನಲ್ಲೇ ಹುಟ್ಟಿರಬೇಕು ಅನ್ನಿಸುತ್ತೆ ಒಮ್ಮೊಮ್ಮೆ. ಜೇಬಲ್ಲಿ ಸಣ್ಣ ಅಯಸ್ಕಾಂತ, ಬಟ್ಟೆಯಲ್ಲಿ ಸುತ್ತಿ ಇಟ್ಕೊ. ತಗಡಿನ ಬಾಗಿಲಿಗೆ ಕಚ್ಚಬೇಕು. ಕಚ್ಚದ ಕಡೆ ಪುಟ್ಟಿ ಮೆತ್ತಿದ್ದಾರೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಕಚ್ಚಲ್ಲ, ಅದಕ್ಕೆ ಜಗಳ ಮಾಡಬೇಡ. ಸೀಟ್ ಬೆಲ್ಟನ್ನ ಪೂರ್ತಿ ಹೊರಗೆ ಎಳಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ, ಮ್ಯಾಟ್ ಕೆಳಗೆ ಮುಗ್ಗಲು ವಾಸನೆ ಬಂದರೆ, ಗಾಡಿ ನೀರಲ್ಲಿ ಮುಳುಗಿದ್ದಿರಬಹುದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ತೇಲಿದ್ದನ್ನ ಟಿವಿಯಲ್ಲಿ ನೋಡಿದ್ದೆಯಲ್ಲ, ಅಂಥವು ತೊಳೆದು ಒಣಗಿಸಿಕೊಂಡು ಎಲ್ಲೆಲ್ಲೋ ಮಾರಾಟ ಆಗ್ತವೆ. ಇವತ್ತು ಓಡ್ತವೆ, ಆರು ತಿಂಗಳಲ್ಲಿ ವೈರಿಂಗ್ ಒಂದೊಂದಾಗಿ ಕೈಕೊಡುತ್ತೆ. ಮಂಗಳೂರು ಕಡೆಯ ಗಾಡಿಯಾದರೆ ಬಗ್ಗಿ ಅಡಿಭಾಗ ನೋಡು, ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಸಕಲೇಶಪುರದ ಎಸ್ಟೇಟ್ ರೋಡಲ್ಲಿ ತಿರುಗಿದ್ದಾದರೆ ಕ್ಲಚ್ಚು, ಬುಷ್ಷು ಎರಡು ಸಲ ನೋಡು.

ನೀನು ಡೀಸೆಲ್ಲೇ ಬೇಕು ಅಂತಿದ್ದೀಯ. ದಿನಾ ಓಡಿಸೋದು ಹಗರೆಯಿಂದ ಬೇಲೂರಿಗೆ, ಅಪರೂಪಕ್ಕೆ ಹಾಸನಕ್ಕೆ. 2020ರ ಏಪ್ರಿಲ್‌ನಿಂದ ಮಾರಾಟಕ್ಕೆ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಹೆದ್ದಾರಿಯಲ್ಲಿ ನಿಲ್ಲದೆ ಸ್ವಲ್ಪ ಹೊತ್ತು ಓಡಬೇಕು. ಸಂತೆಗೆ, ಡೈರಿಗೆ, ಸ್ಕೂಲಿಗೆ ಅಂತ ಗಿರಕಿ ಹೊಡೆದರೆ ಅದು ಕಟ್ಟಿಕೊಳ್ಳುತ್ತೆ, ಬದಲಾಯಿಸೋದು ಭಾರೀ ಖರ್ಚು. ನಿನ್ನ ಓಡಾಟಕ್ಕೆ ಚಿಕ್ಕ ಪೆಟ್ರೋಲ್ ಗಾಡಿ ಸಾಕು. ಸ್ನೇಹಿತರ ಮುಂದೆ ಮಂಕಾಗಿ ಕಾಣುತ್ತೆ ಅನ್ನೋದನ್ನ ಬಿಡು. ಬಿಡಿಭಾಗ ಬೇಲೂರಲ್ಲೇ ಸಿಗುತ್ತಾ, ನಮ್ಮ ಮೆಕ್ಯಾನಿಕ್‌ಗೆ ಆ ಎಂಜಿನ್ ಗೊತ್ತಾ, ಅದನ್ನ ಕೇಳು. ಹಾಗೇ ಟೈಮಿಂಗ್ ಬೆಲ್ಟಿನ ಎಂಜಿನ್ನಾ, ಚೈನಿನದಾ ವಿಚಾರಿಸು. ಬೆಲ್ಟಾದರೆ ಹಾಕಿಸಿದ ಬಿಲ್ ಇಲ್ಲದಿದ್ದರೆ ತಂದ ವಾರವೇ ಬದಲಾಯಿಸು. ಓಡುವಾಗ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳೇ ಬಾಗಿ ಹೋಗ್ತವೆ.

ಇನ್ನು ಕಾಗದ ಪತ್ರ. ಇಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಆರ್‌ಸಿಯಲ್ಲಿರೋ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿ ಮೇಲೆ ನೀನೇ ಓದಿ ತಾಳೆ ನೋಡು. ಬ್ಯಾಂಕ್ ಸಾಲ ಇನ್ನೂ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬರೋವರೆಗೆ ದುಡ್ಡು ಬಿಚ್ಚಬೇಡ. ಫಾರಂ 29, 30ಕ್ಕೆ ಓನರ್ ನಿನ್ನ ಮುಂದೆಯೇ ಸಹಿ ಹಾಕಲಿ. ಬ್ರೋಕರ್ ಹತ್ತಿರ ಇರೋ, ಸಹಿ ಮಾಡಿದ ಖಾಲಿ ಫಾರಂ ಮುಟ್ಟಬೇಡ. ಕಾರು ಕೈಯಿಂದ ಕೈಗೆ ಎಷ್ಟು ಸಲ ಮಾರಾಟವಾಗಿದ್ದರೂ ಆರ್‌ಸಿಯಲ್ಲಿ ಹೆಸರಿರೋನೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ತಿಳಿದ ಓನರ್ ಹೆಸರು ಬದಲಾವಣೆಗೆ ನಿನಗಿಂತ ಮೊದಲೇ ಅವಸರ ಮಾಡ್ತಾನೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿನ್ನ ಹೆಸರಿಗೆ ಬರೆಸೋಕೆ ಅರ್ಜಿ ಕೊಡು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿನಗೆ ಬರಲ್ಲ, ಅದನ್ನ ಬೆಲೆಯಲ್ಲಿ ಸೇರಿಸಿ ಹೇಳಿದರೆ ಒಪ್ಪಬೇಡ. ಹದಿನೈದು ವರ್ಷ ಹತ್ತಿರ ಬಂದ ಗಾಡಿಯಾದರೆ ರಿನ್ಯೂವಲ್ ಖರ್ಚು, ಬೇರೆ ರಾಜ್ಯದ್ದಾದರೆ ಇಲ್ಲಿನ ಜೀವಾವಧಿ ತೆರಿಗೆ, ಎರಡೂ ನಿನ್ನ ತಲೆಗೇ.

ಇರೋ ದುಡ್ಡನ್ನೆಲ್ಲ ಕಾರಿಗೆ ಸುರಿಯಬೇಡ. ಹತ್ತರಲ್ಲಿ ಒಂದು ಪಾಲು ಎತ್ತಿಡು, ತಂದ ಮೇಲೆ ಆಯಿಲ್ಲು, ಬ್ರೇಕು, ಬ್ಯಾಟರಿ ಬಾಯಿ ಬಿಡ್ತವೆ.

ಭಾನುವಾರ ಬೆಳಗ್ಗೆ ಆರಕ್ಕೆ ಹಗರೆ ಬಸ್ ಸ್ಟಾಪಿಗೆ ಬಾ. ಮೆಕ್ಯಾನಿಕ್‌ಗೆ ನಾನು ಹೇಳಿದ್ದೀನಿ, ಅವನ ಕೂಲಿ ನಾನು ಕೊಡ್ತೀನಿ. ಓನರ್‌ಗೆ ಫೋನ್ ಮಾಡಿ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಅಲ್ಲೀವರೆಗೂ ಒಂದು ರೂಪಾಯಿನೂ ಅಡ್ವಾನ್ಸ್ ಕಳಿಸಬೇಡ.